ರೆಕ್ಕೆಯ ಬಿಲ್ಲೆ: ಎರಡನೇ ಮಹಾಯುದ್ಧದ ಪ್ಯಾರಾ ಸೈನಿಕರು ಮತ್ತು ಅವರ ಮನೆಗಳು

ಪ್ಯಾರಾ ಸೈನಿಕನ ಬಿಲ್ಲೆ ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ಕೆಲವು ಸೈನ್ಯಗಳಲ್ಲಿ ಅದನ್ನು ಲೋಹದಲ್ಲಿ ಎರಕ ಹೊಯ್ದರು ಇಲ್ಲವೇ ಅಚ್ಚು ಒತ್ತಿದರು. ಕೆಲವು ಸೈನ್ಯಗಳಲ್ಲಿ ಬಟ್ಟೆಯ ಮೇಲೆ ನೂಲಿನಿಂದ ಹೊಲಿದರು. ಹಾರುವ ವಿಮಾನದಿಂದ ಗೊತ್ತುಪಡಿಸಿದಷ್ಟು ಸಲ ಜಿಗಿದು, ನೆಟ್ಟಗೆ ನೆಲ ಮುಟ್ಟಿದವನಿಗೆ ಮಾತ್ರ ಅದು ಸಿಗುತ್ತಿತ್ತು. ಯುದ್ಧಭೂಮಿಯಲ್ಲಿದ್ದವರಿಗೆಲ್ಲ ಸಾಲಾಗಿ ಬರುವ ಪದಕಗಳಿಗಿಂತ ಸೈನಿಕರು ಈ ಬಿಲ್ಲೆಗೆ ಹೆಚ್ಚು ಬೆಲೆ ಕೊಟ್ಟದ್ದು ಇದೇ ಕಾರಣಕ್ಕೆ. ಯುದ್ಧ ಮುಗಿದು ಸಮವಸ್ತ್ರ ಸವೆದುಹೋದ ಮೇಲೂ ಎಷ್ಟೋ ಮನೆಗಳಲ್ಲಿ ಬಿಲ್ಲೆಯೊಂದು ಟ್ರಂಕಿನ ತಳದಲ್ಲಿ ಉಳಿಯಿತು. ಹಾಗೆ ಉಳಿದ ಬಿಲ್ಲೆಗಳನ್ನು ಕೂಡಿಸುವ ಹವ್ಯಾಸ ಯುದ್ಧ ನಡೆಯುತ್ತಿದ್ದಾಗಲೇ ಶುರುವಾಗಿ, ಇಂದು ಯುರೋಪು, ಅಮೆರಿಕಗಳಲ್ಲಿ ದೊಡ್ಡ ವ್ಯಾಪಾರವಾಗಿಯೂ ಕುಟುಂಬಗಳ ಚರಿತ್ರೆಯನ್ನು ಹುಡುಕುವ ದಾರಿಯಾಗಿಯೂ ಬೆಳೆದಿದೆ. ಬಿಲ್ಲೆ ತಾನಾಗಿ ಹೇಳುವುದು ಒಂದೇ ಸಂಗತಿ: ಇದನ್ನು ಧರಿಸಿದವನು ಜಿಗಿದಿದ್ದ. ಅವನು ಯಾರು, ಎಲ್ಲಿಗೆ ಜಿಗಿದ, ಮನೆಗೆ ಮರಳಿದನೇ ಎಂಬುದು ಬಿಲ್ಲೆಯ ಜೊತೆಗಿರುವ ಕಾಗದದಿಂದ ತಿಳಿಯಬೇಕು.

ಸೈನಿಕರನ್ನು ಆಕಾಶದಿಂದ ಇಳಿಸುವ ವಿದ್ಯೆಯನ್ನು ದೊಡ್ಡ ಮಟ್ಟದಲ್ಲಿ ಮೊದಲು ಬೆಳೆಸಿದ್ದು ಸೋವಿಯತ್ ಒಕ್ಕೂಟ. 1930ರ ಆಗಸ್ಟ್ 2ರಂದು ವೊರೊನೆಝ್ ಬಳಿ ಹನ್ನೆರಡು ಜನ ಸೈನಿಕರು ಜಿಗಿದರು. ರಷ್ಯದ ಪ್ಯಾರಾ ಪಡೆ ಇಂದಿಗೂ ಅದೇ ದಿನವನ್ನು ತನ್ನ ಹುಟ್ಟುಹಬ್ಬವಾಗಿ ಆಚರಿಸುತ್ತದೆ. ಇದನ್ನು ನೋಡಿ ಕಲಿತ ಜರ್ಮನಿ ಸ್ಟೆಂಡಾಲ್ ಊರಿನಲ್ಲಿ ಶಾಲೆ ತೆರೆಯಿತು. ವಾಯುಪಡೆಯ ಮುಖ್ಯಸ್ಥ ಹರ್ಮನ್ ಗೋರಿಂಗ್ 1936ರ ನವೆಂಬರ್ 5ರಂದು ಪ್ಯಾರಾ ಸೈನಿಕರ ಬಿಲ್ಲೆಯನ್ನು ಜಾರಿಗೆ ತಂದ. ಒಂದು ಮಗ್ಗುಲಿಗೆ ಓಕ್ ಎಲೆ, ಇನ್ನೊಂದು ಮಗ್ಗುಲಿಗೆ ಲಾರೆಲ್ ಎಲೆಯಿರುವ ಹಾರದ ನಡುವೆ, ಉಗುರಿನಲ್ಲಿ ಸ್ವಸ್ತಿಕ ಹಿಡಿದು ಕೆಳಕ್ಕೆರಗುವ ಗಿಲೀಟು ಹದ್ದು. ಹದ್ದನ್ನು ಬೇರೆಯಾಗಿ ಮಾಡಿ ಎರಡು ರಿವೆಟ್ಟು ಹೊಡೆದು ಹಾರಕ್ಕೆ ಕೂಡಿಸುತ್ತಿದ್ದರು. ಆರು ಜಿಗಿತ ಪೂರೈಸಿದವನಿಗೆ ಬಿಲ್ಲೆಯೂ ಅದರೊಂದಿಗೆ ಹೆಸರು ಬರೆದ ಪ್ರಮಾಣಪತ್ರವೂ ಸಿಗುತ್ತಿದ್ದವು. ಭೂಸೇನೆಯವರು 1937ರಲ್ಲಿ ತಮ್ಮದೇ ಬೇರೊಂದು ಮಾದರಿ ಮಾಡಿಕೊಂಡರು. ಮೊದಮೊದಲ ಬಿಲ್ಲೆಗಳು ಒಳ್ಳೆಯ ಲೋಹದವು. ಯುದ್ಧ ಎಳೆದಂತೆ ತಾಮ್ರ, ನಿಕಲ್‌ಗಳೆಲ್ಲ ಮದ್ದುಗುಂಡಿನ ಕಾರ್ಖಾನೆಗಳಿಗೆ ಹೋಗಿ, ಬಿಲ್ಲೆಗೆ ಸತುವೇ ಗತಿಯಾಯಿತು. ಸತುವಿನ ಮೇಲೆ ಗಿಲೀಟು ಹೆಚ್ಚು ಕಾಲ ನಿಲ್ಲುವುದಿಲ್ಲ. ಬೂದುಬಣ್ಣಕ್ಕೆ ತಿರುಗಿ ಮಂಕಾದ ಹದ್ದನ್ನು ಕಂಡರೆ ಸಂಗ್ರಾಹಕರು ಅದು ಯುದ್ಧದ ಕೊನೆಯ ವರ್ಷಗಳದ್ದೆಂದು ಊಹಿಸುವುದು ಹೀಗೆ.

ಬ್ರಿಟನ್ ಎಚ್ಚೆತ್ತದ್ದು ತಡವಾಗಿ. 1940ರ ಜೂನ್‌ನಲ್ಲಿ, ಫ್ರಾನ್ಸ್ ಬಿದ್ದ ಬೆನ್ನಿಗೇ, ಐದು ಸಾವಿರ ಜನರ ಪ್ಯಾರಾ ಪಡೆ ಕಟ್ಟಬೇಕೆಂದು ಪ್ರಧಾನಿ ವಿನ್‌ಸ್ಟನ್ ಚರ್ಚಿಲ್ ಸೇನಾಧಿಕಾರಿಗಳಿಗೆ ಬರೆದ. ಮ್ಯಾಂಚೆಸ್ಟರ್ ಹತ್ತಿರದ ರಿಂಗ್‌ವೇ ವಿಮಾನ ನಿಲ್ದಾಣದಲ್ಲಿ ತರಬೇತಿ ಶಾಲೆ ತೆರೆಯಿತು. ಮುಂದೆ ಕಲಿಯುವವರ ಮೊದಲ ಜಿಗಿತಗಳು ನಡೆದದ್ದು ಟ್ಯಾಟನ್ ಪಾರ್ಕ್ ಬಯಲಿನಲ್ಲಿ, ಹಗ್ಗ ಕಟ್ಟಿ ಮೇಲಕ್ಕೆ ಬಿಟ್ಟ ಬಲೂನಿನ ಬುಟ್ಟಿಯಿಂದ. ಎಂಜಿನ್ನಿನ ಸದ್ದಿಲ್ಲ, ಗಾಳಿಯ ಹೊಡೆತವಿಲ್ಲ, ಕೆಳಗೆ ನೆಲ ನಿಚ್ಚಳವಾಗಿ ಕಾಣುತ್ತಿತ್ತು. ವಿಮಾನಕ್ಕಿಂತ ಈ ಬಲೂನಿಗೇ ಹೆಚ್ಚು ಹೆದರುತ್ತಿದ್ದೆವೆಂದು ಅನೇಕ ಹಳಬರು ಆಮೇಲೆ ನೆನೆದುಕೊಂಡಿದ್ದಾರೆ. ಗೆದ್ದವರಿಗೆ ಬಲತೋಳಿನ ಮೇಲ್ಭಾಗದಲ್ಲಿ ಹೊಲಿದುಕೊಳ್ಳಲು ಬಟ್ಟೆಯ ರೆಕ್ಕೆ ಸಿಗುತ್ತಿತ್ತು: ನಡುವೆ ಬಿಳಿಯ ಪ್ಯಾರಾಚೂಟ್, ಎರಡೂ ಕಡೆ ತಿಳಿನೀಲಿ ರೆಕ್ಕೆ. ಜೊತೆಗೆ ದಿನಕ್ಕೆ ಎರಡು ಶಿಲಿಂಗ್ ಹೆಚ್ಚಿನ ಸಂಬಳ. ರೆಕ್ಕೆ ಪಡೆದವನು ಆಮೇಲೆ ಜಿಗಿಯಲು ಒಲ್ಲೆನೆಂದರೆ ಸೇನಾ ನ್ಯಾಯಾಲಯದ ಮುಂದೆ ನಿಲ್ಲಬೇಕಿತ್ತು. ಜಿಗಿಯಲು ಕಲಿತರೂ ಪ್ಯಾರಾ ದಳಕ್ಕೆ ಸೇರದವರಿಗೆ ರೆಕ್ಕೆಯಿಲ್ಲದ, ಬರೀ ಪ್ಯಾರಾಚೂಟಿನ ಬಿಲ್ಲೆ. ಅದರ ಆಕಾರ ನೋಡಿ ಸೈನಿಕರು ಅದನ್ನು ‘ಲೈಟ್ ಬಲ್ಬ್’ ಎಂದು ಕರೆಯುತ್ತಿದ್ದರು. ಈಜಿಪ್ಟಿನ ಮರಳುಗಾಡಿನಲ್ಲಿ ಹುಟ್ಟಿದ ಎಸ್‌ಎಎಸ್ ದಳದ ರೆಕ್ಕೆಯ ವಿನ್ಯಾಸವೇ ಬೇರೆ. ಅದನ್ನು ರೂಪಿಸಿದವನು ಅದೇ ದಳದ ಜಾಕ್ ಲೂಯಿಸ್.

ಟೋಪಿಯ ಬಿಲ್ಲೆಯದು ಇನ್ನೊಂದು ಕಥೆ. ಬ್ರಿಟನ್ನಿನ ಪ್ಯಾರಾಚೂಟ್ ರೆಜಿಮೆಂಟ್ 1942ರ ಆಗಸ್ಟ್‌ನಲ್ಲಿ ರಚನೆಯಾದರೂ 1943ರ ಮೇವರೆಗೆ ಅದಕ್ಕೆ ಸ್ವಂತ ಬಿಲ್ಲೆ ಇರಲಿಲ್ಲ. ಅಲ್ಲಿಯತನಕ ಆರ್ಮಿ ಏರ್ ಕೋರ್‌ನ ಹದ್ದನ್ನೇ ಧರಿಸುತ್ತಿದ್ದರು. ಹೀಗಾಗಿ ಅಜ್ಜನ ಮಸುಕು ಫೋಟೋದಲ್ಲಿ ಟೋಪಿಯ ಮೇಲೆ ಹದ್ದಿದೆಯೋ, ರೆಕ್ಕೆಯ ನಡುವೆ ಪ್ಯಾರಾಚೂಟ್ ಇದೆಯೋ ಎಂಬುದನ್ನು ಭೂತಗನ್ನಡಿಯಲ್ಲಿ ನೋಡಿಯೇ ಫೋಟೋದ ಕಾಲವನ್ನು ಸುಮಾರಾಗಿ ಹೇಳಬಹುದು. ಬಿಲ್ಲೆಯ ನೆತ್ತಿಯ ಮೇಲಿನ ಕಿರೀಟವೂ ಒಂದು ಗುರುತು. ಆರನೇ ಜಾರ್ಜ್ ದೊರೆಯ ಕಾಲದ ಕಿರೀಟದ ಕಮಾನು ಉಬ್ಬಿ ನಿಂತಿದೆ. ಎಲಿಜಬೆತ್ ರಾಣಿಯ ಕಾಲದ ಕಿರೀಟದಲ್ಲಿ ಅದು ನಡುವೆ ತಗ್ಗಿದೆ. ಈಗಿನ ಮೂರನೇ ಚಾರ್ಲ್ಸ್ ಮತ್ತೆ ಉಬ್ಬಿದ ಕಮಾನಿನ ಕಿರೀಟವನ್ನೇ ಆರಿಸಿಕೊಂಡಿರುವುದರಿಂದ, ಇನ್ನು ಕೆಲವು ದಶಕಗಳಲ್ಲಿ ಇದೊಂದು ಗುರುತನ್ನೇ ನೆಚ್ಚಿಕೊಳ್ಳುವವರು ಮೋಸ ಹೋಗುವ ಸಾಧ್ಯತೆಯಿದೆ. ತೋಳಿನ ಮೇಲಿನ ಮೆರೂನ್ ಚೌಕದಲ್ಲಿ ತಿಳಿನೀಲಿ ಬಣ್ಣದ ರೆಕ್ಕೆಕುದುರೆ ಪೆಗಸಸ್ ಮತ್ತು ಅದರ ಮೇಲೆ ಈಟಿ ಹಿಡಿದ ಸವಾರನ ಚಿತ್ರ ಬಂದದ್ದು 1942ರಲ್ಲಿ. ಬರೆದವನು ಚಿತ್ರಕಾರ ಎಡ್ವರ್ಡ್ ಸೀಗೊ.

ಅಮೆರಿಕದ ರೆಕ್ಕೆಗೆ ಒಬ್ಬನೇ ಕರ್ತೃ. 1940ರ ಆಗಸ್ಟ್‌ನಲ್ಲಿ ಫೋರ್ಟ್ ಬೆನ್ನಿಂಗ್‌ನಲ್ಲಿ ಪ್ರಯೋಗಕ್ಕೆಂದು ಒಂದು ಪ್ಲಟೂನ್ ಮೊದಲ ಬಾರಿಗೆ ಜಿಗಿಯಿತು. ಅಲ್ಲಿ ಬೆಳೆದ ದಳದಲ್ಲಿದ್ದ ವಿಲಿಯಂ ಯಾರ್‌ಬರೋ ಎಂಬ ಯುವ ಅಧಿಕಾರಿ, ಬಿಚ್ಚಿದ ಪ್ಯಾರಾಚೂಟಿನ ಎರಡು ಪಕ್ಕದಿಂದ ಮೇಲಕ್ಕೆ ಬಾಗಿ ಅದರ ಅಂಚನ್ನು ಮುಟ್ಟುವ ರೆಕ್ಕೆಗಳ ವಿನ್ಯಾಸ ಬರೆದ. 1941ರ ಮಾರ್ಚ್‌ನಲ್ಲಿ ವಾಷಿಂಗ್ಟನ್ನಿನ ಕಚೇರಿಗಳನ್ನು ತಾನೇ ಸುತ್ತಿ ಒಪ್ಪಿಗೆ ಪಡೆದ. ಮೊದಲ 350 ಬಿಲ್ಲೆಗಳನ್ನು ಬೆಳ್ಳಿಯಲ್ಲಿ ಮಾಡಿಕೊಟ್ಟದ್ದು ಫಿಲಡೆಲ್ಫಿಯದ ಬೇಲಿ, ಬ್ಯಾಂಕ್ಸ್ ಅಂಡ್ ಬಿಡ್ಲ್ ಆಭರಣದಂಗಡಿ. ಐದು ಜಿಗಿತಕ್ಕೆ ಒಂದು ಬಿಲ್ಲೆ. ಯುದ್ಧ ಹಬ್ಬಿದಂತೆ ಬೇರೆ ಬೇರೆ ತಯಾರಕರು ಲಕ್ಷಗಟ್ಟಲೆ ಒತ್ತಿದರು. ಇಂಗ್ಲೆಂಡಿನಲ್ಲಿ ಬೀಡುಬಿಟ್ಟಿದ್ದ ಅಮೆರಿಕನ್ನರಿಗೆ ಲಂಡನ್ನಿನ ಅಂಗಡಿಗಳೂ ಮಾಡಿಕೊಟ್ಟವು.

ಅಮೆರಿಕದ ರೆಕ್ಕೆಯ ಹಿಂದೆ ಹೊಲಿಯುತ್ತಿದ್ದ ಅಂಡಾಕಾರದ ಬಟ್ಟೆಯ ತುಂಡು ಕುಟುಂಬಗಳ ಪಾಲಿಗೆ ಬಿಲ್ಲೆಗಿಂತಲೂ ಮುಖ್ಯವಾಗಿದೆ. ಬೆಳ್ಳಿಯ ರೆಕ್ಕೆ ಎಲ್ಲ ರೆಜಿಮೆಂಟಿಗೂ ಒಂದೇ. ಅಂಡಾಕಾರದ ಬಟ್ಟೆಯ ಬಣ್ಣ, ಅಂಚಿನ ದಾರ ಮಾತ್ರ ರೆಜಿಮೆಂಟಿಗೊಂದು. ಎಂಬತ್ತು ವರ್ಷ ಪೆಟ್ಟಿಗೆಯಲ್ಲಿದ್ದು ನುಸಿ ತಿಂದ ಆ ತುಂಡಿನಲ್ಲಿ ಪಿನ್ನು ಚುಚ್ಚಿದ ತೂತಿನ ಸುತ್ತ ತುಕ್ಕಿನ ಉಂಗುರವಿರುತ್ತದೆ. ಬಿಸಿಲು ಕಾಣದ ಹಿಂಬದಿಯಲ್ಲಿ ಮೂಲ ಬಣ್ಣ ಗಟ್ಟಿಯಾಗಿ ಉಳಿದಿರುತ್ತದೆ. ಆ ಹಿಂಬದಿ ನೋಡಿ ಸೈನಿಕನ ರೆಜಿಮೆಂಟನ್ನು ಗುರುತಿಸಬಹುದು. ಅಮೆರಿಕನ್ನರಿಗೆ ಇದು ಯಾಕೆ ಇಷ್ಟು ಬೇಕಾಯಿತೆಂದರೆ, 1973ರ ಜುಲೈ 12ರಂದು ಸೇಂಟ್ ಲೂಯಿಸ್ ನಗರದ ರಾಷ್ಟ್ರೀಯ ಸಿಬ್ಬಂದಿ ದಾಖಲೆ ಕೇಂದ್ರಕ್ಕೆ ಬೆಂಕಿ ಬಿತ್ತು. 1912ರಿಂದ 1960ರ ಜನವರಿವರೆಗೆ ಭೂಸೇನೆಯಿಂದ ಬಿಡುಗಡೆಯಾದವರ ಕಡತಗಳಲ್ಲಿ ಸುಮಾರು ನೂರಕ್ಕೆ ಎಂಬತ್ತು ಸುಟ್ಟುಹೋದವು. ಅಪ್ಪ ಎಲ್ಲಿ ಹೋರಾಡಿದನೆಂದು ಸರ್ಕಾರಕ್ಕೆ ಬರೆದು ಕೇಳಿದ ಎಷ್ಟೋ ಮಕ್ಕಳಿಗೆ ಬಂದ ಉತ್ತರ, ಕಡತ ಬೆಂಕಿಗೆ ಆಹುತಿಯಾಗಿದೆ ಎಂದೇ. ಅಂಥ ಮನೆಗಳಲ್ಲಿ ಅಳಿದುಳಿದ ಬಟ್ಟೆಯ ತುಂಡೇ ಮೊದಲ ಸಾಕ್ಷಿ. ಕೆಲವು ರೆಕ್ಕೆಗಳ ಮೇಲೆ ಚಿಕ್ಕ ನಕ್ಷತ್ರಗಳಿವೆ. ಶತ್ರುವಿನ ನೆಲಕ್ಕೆ ಒಂದೊಂದು ಸಲ ಜಿಗಿದದ್ದಕ್ಕೂ ಒಂದೊಂದು ನಕ್ಷತ್ರವನ್ನು ಸೈನಿಕರು ತಾವೇ ಅಂಟಿಸಿಕೊಂಡರು. ಸೈನ್ಯ ಅದಕ್ಕೆ ಅಧಿಕೃತ ಒಪ್ಪಿಗೆ ಕೊಟ್ಟದ್ದು 1983ರಲ್ಲಿ.

ಬಿಲ್ಲೆಯನ್ನೂ ಮನುಷ್ಯನನ್ನೂ ಬಿಡಿಸಲಾಗದಂತೆ ಬೆಸೆದ ದೇಶ ಪೋಲೆಂಡ್. 1939ರಲ್ಲಿ ಜರ್ಮನಿ ಮತ್ತು ಸೋವಿಯತ್ ಒಕ್ಕೂಟ ದೇಶವನ್ನು ಹಂಚಿಕೊಂಡ ಮೇಲೆ ತಪ್ಪಿಸಿಕೊಂಡು ಬಂದ ಪೋಲಿಷ್ ಸೈನಿಕರು ಬ್ರಿಟನ್ನಿನಲ್ಲಿ ನೆಲೆನಿಂತರು. ಸ್ಕಾಟ್ಲೆಂಡಿನ ಲಾರ್ಗೊ ಹೌಸ್ ಆವರಣದ ಮರಗಳ ನಡುವೆ ಹಗ್ಗ, ಏಣಿ, ಜೋಕಾಲಿಗಳನ್ನು ಕಟ್ಟಿ ತರಬೇತಿ ಶುರುಮಾಡಿದರು. ಆ ಜಾಗಕ್ಕೆ ‘ಕೋತಿಗಳ ತೋಪು’ ಎಂದು ಹೆಸರಾಯಿತು. ಪ್ರಧಾನಿಯೂ ಸೇನಾಪತಿಯೂ ಆಗಿದ್ದ ಜನರಲ್ ವ್ವಾದಿಸ್ವಾವ್ ಸಿಕೊರ್ಸ್ಕಿ 1941ರ ಜೂನ್ 20ರಂದು ಪ್ಯಾರಾ ಬಿಲ್ಲೆಯನ್ನು ಜಾರಿಗೆ ತಂದ. ವಿನ್ಯಾಸ ಮಾರಿಯನ್ ವಾಲೆಂಟಿನೊವಿಚ್‌ನದು. ಪೋಲೆಂಡಿನ ಮಕ್ಕಳಿಗೆ ಅವನು ಗೊತ್ತಿದ್ದದ್ದು ಪೆದ್ದು ಮೇಕೆಮರಿಯೊಂದರ ಚಿತ್ರಕಥೆಯ ಚಿತ್ರಕಾರನಾಗಿ.

ಈ ಬಿಲ್ಲೆಯನ್ನು ಕೈಯಲ್ಲಿ ಹಿಡಿದು ನೋಡಬೇಕು. ಕಾಲು ಮುಂದೆ ಚಾಚಿ, ರೆಕ್ಕೆಯನ್ನು ಹಿಂದಕ್ಕೆ ಎತ್ತಿ ಕೆಳಗೆ ಎರಗುತ್ತಿರುವ ಒಂಟಿ ಹದ್ದು. ಸುತ್ತ ಹಾರವಿಲ್ಲ, ಕಿರೀಟವಿಲ್ಲ, ಪ್ಯಾರಾಚೂಟೂ ಇಲ್ಲ. ಹಿಂದೆ ತಿರುಪಿನ ಮೊಳೆ, ಅದನ್ನು ಬಿಗಿಯಲು ದುಂಡನೆಯ ನಟ್ಟು. ಸಮವಸ್ತ್ರಕ್ಕೆ ತೂತು ಕೊರೆದು ಸಿಕ್ಕಿಸುವ ಬಿಲ್ಲೆ ಇದು. ಸುಲಭಕ್ಕೆ ಕಳಚಿ ಬೀಳದು. ತಿರುಗಿಸಿದರೆ ರೆಕ್ಕೆಯ ಬೆನ್ನಿನಲ್ಲಿ ‘ತಾಯ್ನಾಡೇ, ನಿನಗೆ’ ಎಂಬ ಅರ್ಥದ ಎರಡು ಪೋಲಿಷ್ ಶಬ್ದಗಳು, ಮತ್ತು ಒಂದು ಸಂಖ್ಯೆ. ಯುದ್ಧಕ್ಕೇ ಜಿಗಿದವರ ಹದ್ದಿನ ಉಗುರಿಗೆ ಚಿಕ್ಕದೊಂದು ಗಿಲೀಟು ಹಾರ ಸೇರುತ್ತಿತ್ತು. ಒಂದು ಸಂಖ್ಯೆ ಒಬ್ಬನಿಗೇ. ಯಾವುದೋ ಹರಾಜಿನಲ್ಲಿ ಹೆಸರಿಲ್ಲದೆ ಬಂದ ಪೋಲಿಷ್ ಬಿಲ್ಲೆಯನ್ನು ಆ ಸಂಖ್ಯೆ ಹಿಡಿದು ಪಟ್ಟಿಗಳಲ್ಲಿ ಹುಡುಕಿದರೆ ಒಬ್ಬ ನಿಜವಾದ ಮನುಷ್ಯನ ಹೆಸರು ಸಿಗುವ ಸಂಭವವಿದೆ. ಬೇರೆ ದೇಶಗಳ ಯುದ್ಧಕಾಲದ ರೆಕ್ಕೆಗಳಿಗೆ ಇಷ್ಟು ನೇರವಾದ ದಾರಿ ಅಪರೂಪ. ಜಗತ್ತಿನ ಪ್ಯಾರಾ ಬಿಲ್ಲೆಗಳಲ್ಲೆಲ್ಲ ಇದೇ ಅತ್ಯಂತ ಮನುಷ್ಯತ್ವದ ಬಿಲ್ಲೆ ಎನ್ನಿಸುವುದು ಆ ಸಂಖ್ಯೆಯಿಂದಾಗಿ.

ಆ ಸಂಖ್ಯೆಗಳ ಹಿಂದಿನ ಬದುಕುಗಳು ಸಾಮಾನ್ಯದವಲ್ಲ. ‘ಸದ್ದಿಲ್ಲದ, ಕಾಣದ’ ಜನ ಎಂಬ ಅರ್ಥದ ಚಿಹೊಚೆಮ್ನಿ ಎಂಬ ಗುಪ್ತದಳದ 316 ಮಂದಿಯನ್ನು 1941ರ ಫೆಬ್ರವರಿಯಿಂದ 1944ರ ಡಿಸೆಂಬರ್‌ವರೆಗೆ ರಾತ್ರಿಯ ಹೊತ್ತು ಆಕ್ರಮಿತ ಪೋಲೆಂಡಿನಲ್ಲಿ ಇಳಿಸಲಾಯಿತು. ಅವರಲ್ಲಿ ಒಬ್ಬಳೇ ಹೆಂಗಸು, ಗಣಿತ ಕಲಿತ ಎಲ್ಜ್ಬಿಯೆತಾ ಜವಾತ್ಸ್ಕಾ. ಗಡಿಗಳನ್ನು ಕದ್ದು ದಾಟಿ ಲಂಡನ್ನಿಗೆ ಸುದ್ದಿ ಒಯ್ದವಳು 1943ರ ಸೆಪ್ಟೆಂಬರ್‌ನಲ್ಲಿ ಪ್ಯಾರಾಚೂಟಿನಲ್ಲಿ ಹಿಂತಿರುಗಿದಳು. ಯುದ್ಧ ಮುಗಿದ ಮೇಲೆ, ಲಂಡನ್ನಿನಲ್ಲಿದ್ದ ಪೋಲಿಷ್ ಸರ್ಕಾರದ ಪರ ಹೋರಾಡಿದವರನ್ನು ಕಮ್ಯುನಿಸ್ಟ್ ಆಡಳಿತ ಅನುಮಾನದಿಂದ ನೋಡಿತು. ಜವಾತ್ಸ್ಕಾಳನ್ನು 1951ರಲ್ಲಿ ಬಂಧಿಸಿ 1955ರವರೆಗೆ ಸೆರೆಯಲ್ಲಿಟ್ಟರು. ಆ ದಿನಗಳಲ್ಲಿ ಬಿಲ್ಲೆ ಹೆಮ್ಮೆಯ ವಸ್ತುವಾಗಿರಲಿಲ್ಲ. ಮನೆಯಲ್ಲಿ ಸಿಕ್ಕರೆ ಅಪಾಯ ತರುವ ವಸ್ತು. ಬಚ್ಚಿಟ್ಟವರಿದ್ದರು, ಮಕ್ಕಳಿಗೂ ಹೇಳದೆ ಹೋದವರಿದ್ದರು. ಜವಾತ್ಸ್ಕಾ ಮುಂದೆ ತೊರೂನ್ ನಗರದಲ್ಲಿ ಹೋರಾಟಗಾರರ, ಅದರಲ್ಲೂ ಹೆಂಗಸರ ಕಾಗದಪತ್ರಗಳನ್ನು ಕೂಡಿಡುವ ಕೆಲಸಕ್ಕೆ ತೊಡಗಿದಳು. ಅದು ಅವಳ ಹೆಸರಿನ ಪ್ರತಿಷ್ಠಾನವಾಗಿ ಉಳಿದಿದೆ.

ಜನರಲ್ ಸ್ತಾನಿಸ್ವಾವ್ ಸೊಸಬೊವ್ಸ್ಕಿಯ ಪೋಲಿಷ್ ಪ್ಯಾರಾ ಬ್ರಿಗೇಡ್ ತಾಯ್ನಾಡಿಗೆ ಜಿಗಿಯಲೆಂದೇ ಕಟ್ಟಿದ ದಳ. ಕೊನೆಗೆ ಅದು ಜಿಗಿದದ್ದು ಹಾಲೆಂಡಿನ ಡ್ರೀಲ್ ಎಂಬ ಊರಿನಲ್ಲಿ, 1944ರ ಸೆಪ್ಟೆಂಬರ್ 21ರಂದು, ಆರ್ನ್‌ಹೆಮ್‌ನಲ್ಲಿ ಸಿಕ್ಕಿಬಿದ್ದಿದ್ದ ಬ್ರಿಟಿಷರ ನೆರವಿಗೆ. ಸೆಪ್ಟೆಂಬರ್ 17ರಿಂದ 26ರವರೆಗಿನ ಆ ಕಾಳಗಕ್ಕೆ ಹೋದ ಸುಮಾರು ಹತ್ತು ಸಾವಿರ ಜನರಲ್ಲಿ ನದಿ ದಾಟಿ ಹಿಂದಿರುಗಿದವರು ಎರಡೂವರೆ ಸಾವಿರವನ್ನೂ ಮುಟ್ಟಲಿಲ್ಲ. ಆರ್ನ್‌ಹೆಮ್ ಸುತ್ತಲಿನ ಹೊಲ, ಕಾಡುಗಳಲ್ಲಿ ಆಮೇಲೆ ದಶಕಗಳ ಕಾಲ ಟೋಪಿಯ ಬಿಲ್ಲೆ, ಗುಂಡಿ, ಮದ್ದಿನ ಚೂರುಗಳು ಸಿಕ್ಕಿವೆ. ಆರ್ನ್‌ಹೆಮ್ ಪಕ್ಕದ ಊಸ್ಟರ್‌ಬೇಕ್‌ನ ಹಾರ್ಟೆನ್‌ಸ್ಟೈನ್ ಕಟ್ಟಡ ಬ್ರಿಟಿಷರ ಪ್ರಧಾನ ಠಾಣೆಯಾಗಿತ್ತು. ಈಗ ಅದೇ ವಸ್ತುಸಂಗ್ರಹಾಲಯ. ಪ್ರತಿವರ್ಷ ಸೆಪ್ಟೆಂಬರ್‌ನಲ್ಲಿ ಊರಿನ ಶಾಲೆಯ ಮಕ್ಕಳು ಅಲ್ಲಿನ ಸ್ಮಶಾನದ ಒಂದೊಂದು ಗೋರಿಯ ಮುಂದೆ ಒಬ್ಬೊಬ್ಬರು ನಿಂತು ಹೂವಿಡುತ್ತಾರೆ.

ಬಿಲ್ಲೆಗಳ ಸಂಗ್ರಹ ಶುರುವಾದದ್ದು ಸೈನಿಕರಿಂದಲೇ. ಸೆರೆಸಿಕ್ಕ ಜರ್ಮನ್ನನ ಎದೆಯ ಹದ್ದನ್ನು ಕಿತ್ತು ಜೇಬಿಗೆ ಹಾಕಿಕೊಂಡ ಅಮೆರಿಕನ್ನರು, ಒಂದು ಸಿಗರೇಟು ಪ್ಯಾಕಿಗೆ ಬಿಲ್ಲೆಯನ್ನು ಅದಲುಬದಲು ಮಾಡಿಕೊಂಡವರು ಲೆಕ್ಕವಿಲ್ಲದಷ್ಟು. ಹೀಗಾಗಿ ಅಮೆರಿಕದ ಎಷ್ಟೋ ಮನೆಗಳ ತಗಡಿನ ಡಬ್ಬಿಯಲ್ಲಿ ಅಜ್ಜನ ಬೆಳ್ಳಿಯ ರೆಕ್ಕೆಯ ಪಕ್ಕದಲ್ಲೇ ಜರ್ಮನ್ ಹದ್ದು ಮಲಗಿದೆ. ಆ ಹದ್ದಿಗೆ ಎರಡು ಮನೆತನಗಳ ಕಥೆ: ಗಳಿಸಿದವನದು ಒಂದು, ಕಸಿದು ತಂದವನದು ಇನ್ನೊಂದು. ಎರಡನೆಯದನ್ನು ಮೊಮ್ಮಕ್ಕಳು ಬಲ್ಲರು. ಮೊದಲನೆಯದು ಬಹುತೇಕ ಕಳೆದುಹೋಗಿದೆ.

ಆಮೇಲಿನ ದಶಕಗಳಲ್ಲಿ ಹಳೆಯ ಸೈನಿಕರ ಮಕ್ಕಳು ಬೆಳೆದು ಸಂಗ್ರಾಹಕರಾದರು, ಬೆಲೆ ಏರಿತು, ಬೆಲೆಯ ಹಿಂದೆಯೇ ನಕಲಿ ಬಂತು. ಜರ್ಮನ್ ಪ್ಯಾರಾ ಬಿಲ್ಲೆಯಷ್ಟು ನಕಲಾದವು ಕಡಿಮೆ. ಅಸಲಿ ನಕಲಿ ಬೇರೆ ಮಾಡುವುದು ಅಕ್ಕಸಾಲಿಗನ ಕಣ್ಣು ಬೇಡುವ ಕೆಲಸ. ಹದ್ದಿನ ಎದೆಯ ಗರಿಗಳ ಗೆರೆ ಚೂಪಾಗಿದೆಯೇ, ಎರಕದ ಗುಳ್ಳೆಗಳಿವೆಯೇ, ರಿವೆಟ್ಟಿನ ತಲೆ ಹೇಗೆ ಬಡಿದಿದೆ, ಪಿನ್ನಿನ ಕೀಲಿಗೆ ಹಾಕಿದ ಬೆಸುಗೆ ಯಾವ ಬಗೆಯದು, ತೂಕ ಎಷ್ಟು ಎಂದು ನೋಡುತ್ತಾರೆ. ಬಟ್ಟೆಯ ರೆಕ್ಕೆಯಾದರೆ ಕತ್ತಲೆಯಲ್ಲಿ ನೇರಳಾತೀತ ದೀಪ ಹಿಡಿಯುತ್ತಾರೆ: ಯುದ್ಧಾನಂತರದ ನೂಲು, ಸೋಪುಪುಡಿಗಳಲ್ಲಿ ಬಂದ ಹೊಳಪಿನ ರಾಸಾಯನಿಕ ಆ ಬೆಳಕಿಗೆ ಬೆಳ್ಳಗೆ ಮಿನುಗುತ್ತದೆ, 1940ರ ಹತ್ತಿ ಮಿನುಗದು. ಇದು ಕೂಡ ಪೂರ್ತಿ ನಂಬುವಂಥದ್ದಲ್ಲ, ಏಕೆಂದರೆ ಪ್ರೀತಿಯಿಂದ ಯಾರೋ ಮಗಳು ಅಪ್ಪನ ಸಮವಸ್ತ್ರವನ್ನು ಈಚಿನ ಸೋಪಿನಲ್ಲಿ ಒಗೆದಿದ್ದರೆ ಅಸಲಿಯೂ ಮಿನುಗೀತು. ಹಳೆಯ ಅಚ್ಚಿನಿಂದಲೇ ಯುದ್ಧದ ನಂತರ ಒತ್ತಿದ ಬಿಲ್ಲೆಗಳು ಇನ್ನೂ ಕಷ್ಟದವು. ‘ವಸ್ತುವನ್ನು ಕೊಳ್ಳು, ಕಥೆಯನ್ನು ಕೊಳ್ಳಬೇಡ’ ಎಂಬ ಮಾತು ಸಂಗ್ರಾಹಕರಲ್ಲಿ ಹುಟ್ಟಿದ್ದು ಮಾರುವವರು ಹೆಣೆದ ಸುಳ್ಳು ಕಥೆಗಳಿಂದಾಗಿ. ವ್ಯಾಪಾರಕ್ಕೆ ಅದು ಸರಿಯಾದ ಎಚ್ಚರಿಕೆ. ಆದರೆ ಅದೇ ಮಾತಿನಿಂದ ದೊಡ್ಡ ನಷ್ಟವೂ ಆಗಿದೆ: ಬಿಲ್ಲೆಯೊಂದನ್ನೇ ಕೊಂಡು, ಜೊತೆಗಿದ್ದ ಪೇಬುಕ್ (ಸೈನಿಕನ ಸಂಬಳದ ಪುಸ್ತಕ), ಕಾಗದ, ಫೋಟೋಗಳನ್ನು ಬೇರೆಯವರಿಗೆ ಬಿಡಿಬಿಡಿಯಾಗಿ ಮಾರಿದಾಗ ಒಬ್ಬ ಮನುಷ್ಯನ ಚರಿತ್ರೆ ನಾಲ್ಕು ಊರುಗಳಿಗೆ ಹರಿದು ಹಂಚಿಹೋಗುತ್ತದೆ. ಒಮ್ಮೆ ಹಾಗಾದರೆ ಮತ್ತೆ ಕೂಡಿಸುವುದು ಹೆಚ್ಚುಕಡಿಮೆ ಅಸಾಧ್ಯ. ಮೊದಲ ಮಹಾಯುದ್ಧದ ಬ್ರಿಟಿಷ್ ಪದಕಗಳ ಅಂಚಿನಲ್ಲಿ ಸೈನಿಕನ ಹೆಸರು ಕೊರೆದಿದೆ, ಎರಡನೇ ಮಹಾಯುದ್ಧದವುಗಳಲ್ಲಿ ಕೊರೆದಿಲ್ಲ. ಹಾಗಾಗಿ ಪೇಬುಕ್ ಹೋದರೆ ಹೆಸರೇ ಹೋದಂತೆ.

ಜರ್ಮನ್ ಬಿಲ್ಲೆಗಳ ಹಿಂದಿನ ಕುಟುಂಬ ಚರಿತ್ರೆಗೆ ಇನ್ನೊಂದು ಭಾರವಿದೆ. 1941ರ ಮೇ 20ರಂದು ಜರ್ಮನ್ ಪ್ಯಾರಾ ಪಡೆ ಕ್ರೀಟ್ ದ್ವೀಪದ ಮೇಲೆ ಇಳಿಯಿತು. ದ್ವೀಪ ಗೆದ್ದರೂ ಸುಮಾರು ನಾಲ್ಕು ಸಾವಿರ ಜರ್ಮನ್ನರು ಸತ್ತರು ಇಲ್ಲವೇ ಕಾಣೆಯಾದರು. ಅಷ್ಟು ದೊಡ್ಡ ಪ್ಯಾರಾ ದಾಳಿಗೆ ಹಿಟ್ಲರ್ ಮತ್ತೆ ಮನಸ್ಸು ಮಾಡಲಿಲ್ಲ. ಹಳ್ಳಿಗರು ಕುಡುಗೋಲು, ಹಳೆಯ ಬಂದೂಕು ಹಿಡಿದು ಎದುರಿಸಿದ್ದಕ್ಕೆ ಸೇಡಾಗಿ, ಜೂನ್ 2ರಂದು ಕೊಂಡೊಮರಿ ಹಳ್ಳಿಯ ಗಂಡಸರನ್ನು ಪ್ಯಾರಾ ಸೈನಿಕರು ಆಲಿವ್ ತೋಪಿನಲ್ಲಿ ನಿಲ್ಲಿಸಿ ಗುಂಡಿಟ್ಟರು. ಅಲ್ಲಿದ್ದ ಜರ್ಮನ್ ಛಾಯಾಗ್ರಾಹಕನೊಬ್ಬ ತೆಗೆದ ಫೋಟೋಗಳು ಉಳಿದಿವೆ. ಮರುದಿನ ಕಂಡಾನೋಸ್ ಊರನ್ನು ನೆಲಸಮ ಮಾಡಿದರು. ‘ಕ್ರೀಟ್’ ಎಂದು ಬರೆದ ತೋಳುಪಟ್ಟಿ ಇಂದು ಸಂಗ್ರಾಹಕರು ಮೇಲೆಬಿದ್ದು ಕೊಳ್ಳುವ ವಸ್ತು. ಅದನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡುವವರು ಕೊಂಡೊಮರಿಯ ಹೆಸರನ್ನೂ ಪಕ್ಕದಲ್ಲಿ ಬರೆದಿಡಬೇಕಾದುದು ನ್ಯಾಯ, ಬರೆಯುವವರು ಕಡಿಮೆ. ಪಶ್ಚಿಮ ಜರ್ಮನಿ 1957ರ ಕಾನೂನಿನಿಂದ ಯುದ್ಧಕಾಲದ ಪದಕ, ಬಿಲ್ಲೆಗಳನ್ನು ಸ್ವಸ್ತಿಕ ತೆಗೆದು ಧರಿಸಲು ಅನುಮತಿ ಕೊಟ್ಟಿತು. ಬರಿಗಾಲಿನ ಹದ್ದಿನ ಬಿಲ್ಲೆಗಳು ಹುಟ್ಟಿದ್ದು ಆಗ. ಒಂದೇ ಮನೆಯಲ್ಲಿ ಎರಡೂ ಬಗೆಯ ಹದ್ದು ಸಿಕ್ಕರೆ, ಆ ಮನೆಯವನು ಯುದ್ಧಾನಂತರವೂ ತನ್ನನ್ನು ಪ್ಯಾರಾ ಸೈನಿಕನೆಂದೇ ಗುರುತಿಸಿಕೊಂಡ ಎಂದರ್ಥ.

ಭಾರತದ ಪ್ಯಾರಾ ಸೈನಿಕರ ಚರಿತ್ರೆ ಇದೇ ಯುದ್ಧದಲ್ಲಿ ಹುಟ್ಟಿದ್ದು. 1941ರ ಅಕ್ಟೋಬರ್‌ನಲ್ಲಿ ದೆಹಲಿಯಲ್ಲಿ 50ನೇ ಭಾರತೀಯ ಪ್ಯಾರಾಚೂಟ್ ಬ್ರಿಗೇಡ್ ರಚನೆಯಾಯಿತು: 151 ಬ್ರಿಟಿಷರ, 152 ಭಾರತೀಯರ, 153 ಗೂರ್ಖಾಗಳ ಬೆಟಾಲಿಯನ್. ವಿಲಿಂಗ್ಡನ್ ವಿಮಾನ ನಿಲ್ದಾಣದಲ್ಲಿ ತರಬೇತಿ. ಪ್ಯಾರಾಚೂಟಿಗೇ ಬರ, ವಿಮಾನ ಹಳೆಯ ವೆಲೆನ್ಶಿಯ. ಮೊದಲು ಜಿಗಿದ ಭಾರತೀಯರೆಂದು ಎಣಿಸುವುದು ವೈದ್ಯ ಎ. ಜಿ. ರಂಗರಾಜ್ ಮತ್ತು ಹವಾಲ್ದಾರ್ ಮೇಜರ್ ಮಥುರಾ ಸಿಂಗ್ ಅವರನ್ನು. ರಂಗರಾಜ್ ಮುಂದೆ ಕೊರಿಯ ಯುದ್ಧದಲ್ಲಿ 60ನೇ ಪ್ಯಾರಾ ಫೀಲ್ಡ್ ಆಂಬ್ಯುಲೆನ್ಸ್‌ನ ನಾಯಕರಾಗಿ ಮಹಾವೀರ ಚಕ್ರ ಪಡೆದರು. ಆ ದಳದ ಚಿಕ್ಕ ತಂಡವೊಂದು 1951ರ ಮಾರ್ಚ್ 23ರಂದು ಅಮೆರಿಕನ್ನರೊಂದಿಗೆ ಮುನ್ಸಾನ್ನಿಯಲ್ಲಿ ಜಿಗಿಯಿತು. ದೆಹಲಿಯಲ್ಲಿ ಹುಟ್ಟಿದ 151ನೇ ಬ್ರಿಟಿಷ್ ಬೆಟಾಲಿಯನ್ ಸಂಖ್ಯೆ ಬದಲಿಸಿ 156 ಎಂದಾಗಿ ಪಶ್ಚಿಮಕ್ಕೆ ಹೋಗಿ, ಆರ್ನ್‌ಹೆಮ್‌ನ ಕಾಡಿನಲ್ಲಿ ಹೆಚ್ಚುಕಡಿಮೆ ನಿರ್ನಾಮವಾಯಿತು. ಇಂಗ್ಲೆಂಡಿನ ಮನೆಯೊಂದರಲ್ಲಿ ಸಿಗುವ ರೆಕ್ಕೆಯ ಹೊಲಿಗೆ ದೆಹಲಿಯ ದರ್ಜಿಯದಾಗಿರಬಹುದಾದದ್ದು ಈ ಕಾರಣಕ್ಕೆ.

50ನೇ ಬ್ರಿಗೇಡಿನಲ್ಲಿ ಉಳಿದವರ ದೊಡ್ಡ ಪರೀಕ್ಷೆ ನಡೆದದ್ದು ಮಣಿಪುರದ ಸಂಗಶಾಕ್ ಗುಡ್ಡದ ಮೇಲೆ, 1944ರ ಮಾರ್ಚ್‌ನಲ್ಲಿ. ಅಲ್ಲಿಗೆ ಅವರು ಜಿಗಿದು ಬರಲಿಲ್ಲ, ನೆಲದ ದಾರಿಯಲ್ಲೇ ಬಂದರು. ಇಂಫಾಲ, ಕೊಹಿಮಾಗಳತ್ತ ನುಗ್ಗುತ್ತಿದ್ದ ಜಪಾನೀಯರನ್ನು ತಂಗ್‌ಖುಲ್ ನಾಗಾ ಹಳ್ಳಿಯ ಬಂಡೆಗಲ್ಲಿನ ನೆಲದ ಮೇಲೆ ಮಾರ್ಚ್ 26ರ ರಾತ್ರಿಯವರೆಗೆ ತಡೆದರು. ಕಂದಕ ಆಳಕ್ಕೆ ತೋಡಲು ಬಾರದು, ನೀರಿಲ್ಲ, ವಿಮಾನ ಬೀಳಿಸಿದ ಸಾಮಾನಿನಲ್ಲಿ ಬಹುಪಾಲು ಶತ್ರುವಿನ ಕಡೆಗೆ ಬೀಳುತ್ತಿತ್ತು. ಬ್ರಿಗೇಡಿನ ಜೊತೆ ನಿಂತು ಹೋರಾಡಿದ ಪದಾತಿ ದಳಗಳಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿಯ 4ನೇ ಬೆಟಾಲಿಯನ್ ಒಂದು. ಅದರ ರೆಜಿಮೆಂಟಿನ ಕೇಂದ್ರ 1922ರಿಂದಲೂ ಬೆಳಗಾವಿ. ಸಂಗಶಾಕ್‌ನ ಸುದ್ದಿಗಾಗಿ ಕಾದ ಮನೆಗಳು ಸಾತಾರ, ರತ್ನಾಗಿರಿ, ಕೊಲ್ಹಾಪುರದ ಜೊತೆಗೆ ಬೆಳಗಾವಿ ಸೀಮೆಯಲ್ಲೂ ಇದ್ದವು.

ಬೆಳಗಾವಿಯ ನಂಟು ಅಲ್ಲಿಗೆ ಮುಗಿಯಲಿಲ್ಲ. ಮರಾಠಾ ಲೈಟ್ ಇನ್‌ಫೆಂಟ್ರಿಯ 3ನೇ ಬೆಟಾಲಿಯನ್ ಯುದ್ಧ ಮುಗಿದೊಡನೆ ಪ್ಯಾರಾ ಬೆಟಾಲಿಯನ್ ಆಯಿತು. 1947ರಲ್ಲಿ ದೇಶದ ಜೊತೆ ಪ್ಯಾರಾ ಪಡೆಯೂ ಪಾಲಾಯಿತು: 14ನೇ ಬ್ರಿಗೇಡ್ ಪಾಕಿಸ್ತಾನಕ್ಕೆ, 50 ಮತ್ತು 77 ಭಾರತಕ್ಕೆ. 1942ರಲ್ಲಿ ದೆಹಲಿಯಿಂದ ಚಕ್ಲಾಲಕ್ಕೆ ಹೋಗಿದ್ದ ತರಬೇತಿ ಶಾಲೆ ಪಾಕಿಸ್ತಾನದ ಪಾಲಾದ್ದರಿಂದ ಭಾರತ ಆಗ್ರಾದಲ್ಲಿ ಹೊಸದಾಗಿ ಶುರುಮಾಡಬೇಕಾಯಿತು. 50ನೇ ಬ್ರಿಗೇಡನ್ನು ಕಾಶ್ಮೀರದಲ್ಲಿ ಮುನ್ನಡೆಸಿದ ಬ್ರಿಗೇಡಿಯರ್ ಮೊಹಮ್ಮದ್ ಉಸ್ಮಾನ್ 1948ರ ಜುಲೈ 3ರಂದು ಝಂಗರ್‌ನಲ್ಲಿ ಮಡಿದರು. 1952ರ ಏಪ್ರಿಲ್ 15ರಂದು ಪ್ಯಾರಾಚೂಟ್ ರೆಜಿಮೆಂಟ್ ರಚನೆಯಾದಾಗ ಮರಾಠಾ ಬೆಟಾಲಿಯನ್ ಅದರ 2ನೇ ಬೆಟಾಲಿಯನ್ ಆಯಿತು. 1971ರ ಡಿಸೆಂಬರ್ 11ರಂದು ಬಾಂಗ್ಲಾದೇಶದ ಟಾಂಗೈಲ್‌ನಲ್ಲಿ ಜಿಗಿದದ್ದು ಅದೇ. ಟೋಪಿಯ ಬಿಲ್ಲೆಯೂ ಬದಲಾಯಿತು: ಬ್ರಿಟಿಷ್ ಕಿರೀಟ, ಸಿಂಹ ಹೋಗಿ, ಬಿಚ್ಚಿದ ಪ್ಯಾರಾಚೂಟ್, ಹರಡಿದ ರೆಕ್ಕೆ, ನಡುವೆ ನೆಟ್ಟಗೆ ನಿಂತ ಕಠಾರಿ ಬಂದವು. ರೆಜಿಮೆಂಟಿನ ತರಬೇತಿ ಕೇಂದ್ರ 1992ರಿಂದ ಬೆಂಗಳೂರಿನಲ್ಲಿದೆ.

ಯುದ್ಧಕಾಲದ ಭಾರತೀಯ ರೆಕ್ಕೆಗಳು ಇಂದು ಅಪರೂಪ. ಇಲ್ಲೇ ಕೈಯಲ್ಲಿ ಹೊಲಿದವು ಎಷ್ಟೋ ಇದ್ದವು; ದಪ್ಪ ನೂಲು, ಸ್ವಲ್ಪ ಓರೆಯಾದ ಪ್ಯಾರಾಚೂಟ್, ಹಿಂಬದಿಗೆ ಒರಟು ಹತ್ತಿ ಬಟ್ಟೆ. ಅವುಗಳ ಮೇಲೆ ಸಂಖ್ಯೆಯಿಲ್ಲ, ಹೆಸರಿಲ್ಲ. ಸಮವಸ್ತ್ರ ಹರಿದಾಗ ಒರೆಸುವ ಬಟ್ಟೆಯಾದ ರೆಕ್ಕೆಗಳೂ, ಗುಜರಿಗೆ ಹೋದ ಲೋಹದ ಬಿಲ್ಲೆಗಳೂ ಎಷ್ಟೆಂದು ಎಣಿಸಿದವರಿಲ್ಲ. ಸ್ವಾತಂತ್ರ್ಯದ ನಂತರದ ಭಾರತೀಯ ಪದಕಗಳ ಅಂಚಿನಲ್ಲಿ ಸೈನಿಕನ ಸಂಖ್ಯೆ, ಹೆಸರು ಕೊರೆದಿರುವುದರಿಂದ ಅವು ಎಲ್ಲಿ ಸಿಕ್ಕರೂ ಮನೆಯ ದಾರಿ ಹುಡುಕಬಹುದು. ಎರಡನೇ ಮಹಾಯುದ್ಧದವರಿಗೆ ಕಾಗದವೇ ದಿಕ್ಕು. ಹುಡುಕುವವರು ಮೊದಲು ತೆಗೆಯಬೇಕಾದುದು ಪಿಂಚಣಿ ಪುಸ್ತಕ ಮತ್ತು ಬಿಡುಗಡೆ ಪತ್ರ. ಅವುಗಳಲ್ಲಿ ಸೈನಿಕನ ಸಂಖ್ಯೆಯೂ ದಳವೂ ಇರುತ್ತವೆ. ಆ ಸಂಖ್ಯೆಯಿದ್ದರೆ ರೆಜಿಮೆಂಟಿನ ರೆಕಾರ್ಡ್ ಆಫೀಸಿನಲ್ಲಿ ಶೀಟ್ ರೋಲ್ ಕೇಳಬಹುದು: ಸೇರಿದ ದಿನ, ಊರು, ತಂದೆಯ ಹೆಸರು, ಮಾಡಿದ ತರಬೇತಿ, ಬಿಡುಗಡೆಯಾದ ದಿನ ಎಲ್ಲ ಅದರಲ್ಲಿ ದಾಖಲಾಗುತ್ತವೆ.

ಮರಳದೆ ಹೋದವರ ಹೆಸರುಗಳಿರುವುದು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿಗಳಲ್ಲಿ. ದಹನವಾದ ಹಿಂದೂ, ಸಿಖ್ ಸೈನಿಕರಿಗೆ ಗೋರಿಯಿಲ್ಲ. ಕೊಹಿಮಾ ಸ್ಮಶಾನದ ಎತ್ತರದ ಜಾಗದಲ್ಲಿ ಅಂಥ 917 ಜನರ ಸ್ಮಾರಕವಿದೆ, ಇಂಫಾಲದಲ್ಲೂ ಒಂದಿದೆ. ದೇಹವೇ ಸಿಗದವರ ಹೆಸರುಗಳು ಮ್ಯಾನ್ಮಾರಿನ ತೌಕ್ಯಾನ್‌ನ ರಂಗೂನ್ ಸ್ಮಾರಕದ ಕಲ್ಲುಕಂಬಗಳ ಮೇಲೆ ಸುಮಾರು 27 ಸಾವಿರ ಹೆಸರುಗಳ ನಡುವೆ ಇವೆ. ಕಲ್ಲಿನ ಮೇಲೆ ಬರೀ ಹೆಸರು, ದಳ. ಆಯೋಗದ ಪಟ್ಟಿಯಲ್ಲಿ ಮಾತ್ರ ಎಷ್ಟೋ ಹೆಸರುಗಳ ಮುಂದೆ ಇಂಥವರ ಮಗ, ಇಂಥವಳ ಗಂಡ, ಇಂಥ ಹಳ್ಳಿ, ಇಂಥ ಜಿಲ್ಲೆ ಎಂಬ ಒಂದು ಸಾಲಿದೆ. ಹಳ್ಳಿಯ ಹೆಸರನ್ನು ಇಂಗ್ಲಿಷ್ ಗುಮಾಸ್ತ ಕಿವಿಗೆ ಬಿದ್ದಂತೆ ಬರೆದುಕೊಂಡಿರುವುದರಿಂದ ಅದನ್ನು ಗುರುತಿಸಲು ಆ ಸೀಮೆಯವರೇ ಗಟ್ಟಿಯಾಗಿ ಓದಿ ನೋಡಬೇಕಾಗುತ್ತದೆ.